ಯುರೇಟರೋಸ್ಕೋಪಿ ಡಬ್ಬದ ಮೇಲೆ ಕಲಿಸುವುದು ಹೇಗೆ? ಬೆಂಚ್ ಸಿಮ್ಯುಲೇಟರ್ ತರಬೇತಿಯ ಸಮಗ್ರ ಮಾರ್ಗದರ್ಶಿ

ಕಿಡ್ನಿಯಿಂದ ಬ್ಲಾಡರ್‌ಗೆ ಇಳಿಯುವ ಯುರೇಟರ್ ಸುಮಾರು 25 ಸೆಂ.ಮೀ. ಉದ್ದದ ನಾಳ. ಅಗಲ ಕೆಲವೇ ಮಿಲಿಮೀಟರ್. ಮೂತ್ರದ ದಾರಿಯಿಂದ ಅದರೊಳಗೆ ಸ್ಕೋಪ್ (ಒಳಗನ್ನು ತೋರಿಸುವ ತೆಳ್ಳನೆಯ ನಳಿಗೆ) ತೂರಿಸಿ ಕಲ್ಲು ತೆಗೆಯುವುದೇ ಯುರೇಟರೋಸ್ಕೋಪಿ. ನಾವು ತೂರಿಸುವ 8 ಫ್ರೆಂಚ್ (ದಪ್ಪ ಹೇಳುವ ಅಳತೆ) ಗಾತ್ರದ, ಹೆಚ್ಚು ಬಾಗದ ಸೆಮಿ-ರಿಜಿಡ್ ಸ್ಕೋಪಿನ ದಪ್ಪ ಹತ್ತಿರ ಹತ್ತಿರ 2.7 ಮಿ.ಮೀ. ನಡುವೆ ಉಳಿಯುವ ಜಾಗ ಎಷ್ಟು ಕಡಿಮೆ ಅಂತ ನೀವೇ ಯೋಚಿಸಿ. ಎದುರಿಗೆ ದಾರಿ ಕಾಣದೆ ಒಂದು ಸಲ ತಳ್ಳಿದರೂ ಗೋಡೆ ತೂತಾಗಬಹುದು. ದೊಡ್ಡ ಕಲ್ಲನ್ನು ಬಾಸ್ಕೆಟ್ ಅನ್ನುವ ತಂತಿ ಬುಟ್ಟಿಯಲ್ಲಿ ಹಿಡಿದು ಬಲವಾಗಿ ಎಳೆದರೆ ಯುರೇಟರೇ ಕಿತ್ತು ಬರಬಹುದು. ಹಾಗಾದ ಮೇಲೆ ರೋಗಿಯ ಕಷ್ಟ ಒಂದು ಆಪರೇಷನ್ನಿಗೆ ಮುಗಿಯುವುದಿಲ್ಲ.

ಈ ಕೆಲಸದ ಮೊದಲ ತಪ್ಪುಗಳು ರೋಗಿಯ ಮೈಯಲ್ಲಿ ಆಗಬಾರದು. ಮೇಜಿನ ಮೇಲಿಟ್ಟ ಡಬ್ಬದಲ್ಲಿ ಆಗಬೇಕು. ಹಾಗೆ ಕಲಿಸಲು ಬೇಕಾದ ಸಾಮಾನು, ಹಂತ, ಅಂಕ ಕೊಡುವ ಬಗೆ, ಎಲ್ಲವನ್ನೂ ಇಲ್ಲಿ ಬರೆದಿದ್ದೇನೆ. ಯೂರಾಲಜಿ ರೆಸಿಡೆಂಟ್‌ಗಳು (ಮೂತ್ರಾಂಗಗಳ ಚಿಕಿತ್ಸೆ ಕಲಿಯುತ್ತಿರುವ ಡಾಕ್ಟರ್‌ಗಳು), ಅವರಿಗೆ ಕಲಿಸುವ ಸೀನಿಯರ್‌ಗಳು, ಸ್ಕಿಲ್ ಲ್ಯಾಬ್ ನೋಡಿಕೊಳ್ಳುವ ಟೆಕ್ನಿಷಿಯನ್‌ಗಳು, ಮೂವರನ್ನೂ ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ಹೆಚ್ಚು ಜಾಗ ಯುರೇಟರೋಸ್ಕೋಪಿಗೇ ಕೊಟ್ಟಿದ್ದೇನೆ. ಪಿಸಿಎನ್ಎಲ್ (ಬೆನ್ನಿನ ಕಡೆಯಿಂದ ಚುಚ್ಚಿ ಕಿಡ್ನಿ ಕಲ್ಲು ತೆಗೆಯುವುದು), ಟಿಯುಆರ್‌ಪಿ (ಮೂತ್ರದ ದಾರಿಯಿಂದ ಪ್ರಾಸ್ಟೇಟ್ ಕತ್ತರಿಸಿ ತೆಗೆಯುವುದು) ಬಗ್ಗೆ ಕೊನೆಯಲ್ಲಿ ಸ್ವಲ್ಪ ಇದೆ.

ದುಬಾರಿ ಮಾಡೆಲ್ ಬೇಕೇ ಬೇಕಾ?

ಸ್ಕಿಲ್ ಲ್ಯಾಬ್ ಅಂದ ಕೂಡಲೇ ಬಜೆಟ್ ಮಾತು ಬರುತ್ತದೆ, ಅಲ್ವಾ? "ಮಾಡೆಲ್ ತರಿಸಲು ದುಡ್ಡಿಲ್ಲ, ಬಂದ ಮೇಲೆ ಶುರು ಮಾಡೋಣ" ಅಂತ ವರ್ಷಗಳು ಕಳೆಯುತ್ತವೆ. ಇದಕ್ಕೆ ಉತ್ತರ ಕೆನಡಾದ ಟೊರಾಂಟೊದಿಂದ 2002ರಲ್ಲೇ ಬಂದಿದೆ. ಅಲ್ಲಿ ಮ್ಯಾಟ್ಸುಮೊಟೊ ಮತ್ತು ಜೊತೆಗಾರರು ಕೊನೆಯ ವರ್ಷದ 40 ಮೆಡಿಕಲ್ ವಿದ್ಯಾರ್ಥಿಗಳನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಬರೀ ಪಾಠ. ಇನ್ನೊಂದಕ್ಕೆ ಸುಮಾರು 3,700 ಕೆನಡಾ ಡಾಲರ್ ಬೆಲೆಯ, ಅಂಗಗಳಂತೆಯೇ ಕಾಣುವ ಮಾಡೆಲ್. ಮತ್ತೊಂದಕ್ಕೆ ಸುಮಾರು 20 ಡಾಲರ್ ಖರ್ಚಿನ, ಕೈಯಿಂದ ಮಾಡಿದ ಮಾಡೆಲ್. ಅದರಲ್ಲಿದ್ದದ್ದು ಪೆನ್‌ರೋಸ್ ಡ್ರೇನ್ (ಮೆತ್ತನೆಯ ರಬ್ಬರ್ ಟ್ಯೂಬ್), ಮಗುಚಿಟ್ಟ ಒಂದು ಕಪ್, ಲೇಟೆಕ್ಸ್ ಮತ್ತು ಎರಡು ಸ್ಟ್ರಾ. ಆಮೇಲೆ ಎಲ್ಲರಿಂದಲೂ ಯುರೇಟರ್ ನಡುಭಾಗದ ಕಲ್ಲನ್ನು ಬಾಸ್ಕೆಟ್‌ನಿಂದ ತೆಗೆಸಿದರು. ಕೈಯಾರೆ ಅಭ್ಯಾಸ ಮಾಡಿದವರು ಬರೀ ಪಾಠ ಕೇಳಿದವರಿಗಿಂತ ಎಷ್ಟೋ ಚೆನ್ನಾಗಿ ಮಾಡಿದರು. ಆದರೆ 20 ಡಾಲರ್ ಗುಂಪಿಗೂ 3,700 ಡಾಲರ್ ಗುಂಪಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ.

ಇದನ್ನು ಸರಿಯಾಗಿ ಓದಿಕೊಳ್ಳಬೇಕು. ಅಲ್ಲಿದ್ದವರು ಹೊಸಬರು. ಸ್ಕೋಪಿಗೆ ದಾರಿ ತೋರುವ ವೈರ್ ಹಾಕುವುದು, ಸ್ಕೋಪ್ ನಡುವಿನಲ್ಲಿಟ್ಟುಕೊಳ್ಳುವುದು, ಬಾಸ್ಕೆಟ್ ತೆರೆದು ಮುಚ್ಚುವುದು, ಇಂಥ ಮೊದಲ ಪಾಠಗಳಿಗೆ ಅಗ್ಗದ ಡಬ್ಬ ಸಾಕು. ತುದಿ ಬಾಗುವ ಫ್ಲೆಕ್ಸಿಬಲ್ ಸ್ಕೋಪಿನಲ್ಲಿ ಕೆಳಗಿನ ಕ್ಯಾಲಿಕ್ಸ್ (ಕಿಡ್ನಿಯೊಳಗಿನ ಬಟ್ಟಲಿನಂಥ ಮೂಲೆ) ಹುಡುಕುವ ಮಟ್ಟಕ್ಕೆ ಬಂದಾಗ ಒಳಗಿನ ಆಕಾರ ನಿಜವಾದ ಕಿಡ್ನಿಗೆ ಹತ್ತಿರ ಇರಬೇಕು. ಆದ್ದರಿಂದ ನನ್ನ ಸಲಹೆ ಇಷ್ಟು: ಶುರುಮಾಡಲು ದುಡ್ಡಿಗೆ ಕಾಯಬೇಡಿ. ದುಡ್ಡು ಬಂದಾಗ ಅದನ್ನು ಫ್ಲೆಕ್ಸಿಬಲ್ ಹಂತದ ಮಾಡೆಲ್‌ಗೆ ಇಡಿ.

ಡಬ್ಬ ಕಟ್ಟುವುದು

ಮುಚ್ಚಳವಿರುವ, ಒಳಗೆ ಕಾಣದಂಥ ಪ್ಲಾಸ್ಟಿಕ್ ಡಬ್ಬ ತಗೊಳ್ಳಿ. ಸುಮಾರು 45 ಸೆಂ.ಮೀ. ಉದ್ದ ಇದ್ದರೆ ಸಾಕು. ಒಂದು ಬದಿಯಲ್ಲಿ ತೂತು ಕೊರೆದು ಬೆರಳು ಗಾತ್ರದ ಮೆತ್ತನೆಯ ಸಿಲಿಕೋನ್ ಟ್ಯೂಬ್ ಕೂರಿಸಿ. ಅದು ಯುರೇತ್ರಾ, ಅಂದರೆ ಬ್ಲಾಡರಿನಿಂದ ಮೂತ್ರ ಹೊರಬರುವ ದಾರಿ. ಒಳಗಡೆ ಅದನ್ನು ಟೊಳ್ಳು ರಬ್ಬರ್ ಚೆಂಡಿಗೋ ಮೆತ್ತನೆಯ ಸಿಲಿಕೋನ್ ಬಟ್ಟಲಿಗೋ ಜೋಡಿಸಿ. ಅದು ಬ್ಲಾಡರ್. ಬ್ಲಾಡರಿನ ಕೆಳಗೋಡೆಯಲ್ಲಿ, ಗಡಿಯಾರದ 5 ಮತ್ತು 7 ಗಂಟೆಯ ಜಾಗದಲ್ಲಿ, ಎರಡು ಸಣ್ಣ ತೂತು ಮಾಡಿ. ತೂತುಗಳು ನೇರವಾಗಿರಬಾರದು, ಓರೆಯಾಗಿರಬೇಕು. ನಿಜವಾದ ಯುರೇಟರ್ ಕೂಡ ಬ್ಲಾಡರ್ ಗೋಡೆಯಲ್ಲಿ ಓರೆಯಾಗಿಯೇ ಹಾದುಬರುತ್ತದೆ. ಪ್ರತಿ ತೂತಿಗೂ ಸುಮಾರು 5 ಮಿ.ಮೀ. ಒಳಅಗಲದ, 25 ಸೆಂ.ಮೀ. ಉದ್ದದ ಪಾರದರ್ಶಕ ಸಿಲಿಕೋನ್ ಟ್ಯೂಬ್ ಜೋಡಿಸಿ. ಅಂಟಿಗೆ ಅಕ್ವೇರಿಯಂ ಸಿಲಿಕೋನ್ ಒಳ್ಳೆಯದು. ಪೂರ್ತಿ ಒಣಗಲು ಒಂದು ದಿನ ಬಿಡಿ.

ಕಿಡ್ನಿಗೆ ಸುಲಭದ ದಾರಿ ಇದೆ. ಒಂದು ಸರ್ಜಿಕಲ್ ಗ್ಲೌಸ್ ತಗೊಂಡು ಮಣಿಕಟ್ಟಿನ ಭಾಗವನ್ನು ಯುರೇಟರ್ ಟ್ಯೂಬಿನ ತುದಿಗೆ ಬಿಗಿಯಾಗಿ ಕಟ್ಟಿ. ನೀರು ತುಂಬಿದಾಗ ಅಂಗೈ ಭಾಗ ಪೆಲ್ವಿಸ್ (ಕಿಡ್ನಿಯ ನಡುವೆ ಮೂತ್ರ ಸೇರುವ ಜಾಗ) ಆಗುತ್ತದೆ, ಬೆರಳುಗಳು ಕ್ಯಾಲಿಕ್ಸ್ ಆಗುತ್ತವೆ. ಬೆರಳುಗಳನ್ನು ಬೇರೆ ಬೇರೆ ದಿಕ್ಕಿಗೆ ತಿರುಗಿಸಿ ಸ್ಪಾಂಜಿನಲ್ಲಿ ಊರಿ. ಒಂದು ಬೆರಳು ಕಡ್ಡಾಯವಾಗಿ ಕೆಳಕ್ಕೆ ಮಡಿಚಿರಲಿ. ಗ್ಲೌಸ್ ತೂತಾದರೆ ನೀರು ಸೋರುತ್ತದೆ, ಕಲಿಯುವವರ ಕೈ ಎಲ್ಲಿ ಒರಟಾಯಿತು ಅಂತ ತಕ್ಷಣ ಗೊತ್ತಾಗುತ್ತದೆ. ಡಬ್ಬದ ಕೆಳಗೆ ನೀರು ಹಿಡಿಯುವ ಟ್ರೇ ಮರೆಯಬೇಡಿ.

ಟ್ಯೂಬ್ ಪಾರದರ್ಶಕ, ಡಬ್ಬ ಮುಚ್ಚಿದ್ದು. ಇದರಲ್ಲಿ ಒಂದು ಅನುಕೂಲವಿದೆ. ಕಲಿಯುವವರಿಗೆ ಕಾಣುವುದು ಮಾನಿಟರ್ ಮಾತ್ರ. ಕಲಿಸುವವರು ಹಿಂದಿನಿಂದ ಮುಚ್ಚಳ ಎತ್ತಿ ಒಳಗೆ ಏನಾಗುತ್ತಿದೆ ಅಂತ ನೋಡಬಹುದು. ಓಟಿಯಲ್ಲಿ (ಆಪರೇಷನ್ ಥಿಯೇಟರ್) ಈ ಭಾಗ್ಯ ಇಲ್ಲ.

ಕಲ್ಲಿಗೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಸಾಕು. ಗಟ್ಟಿಯಾಗಿ ಕಲಸಿ ಖಾಲಿ ಮಾತ್ರೆ ಸ್ಟ್ರಿಪ್ಪಿನ ಗುಳಿಗಳಲ್ಲಿ ತುಂಬಿ, ಒಣಗಿಸಿ, 4ರಿಂದ 8 ಮಿ.ಮೀ. ತುಂಡು ಮಾಡಿ. ನೀರಿನಲ್ಲಿ ಜಾಸ್ತಿ ಹೊತ್ತು ನೆನೆದರೆ ಮೆತ್ತಗಾಗುತ್ತದೆ, ಆದ್ದರಿಂದ ಅಭ್ಯಾಸಕ್ಕೆ ಸ್ವಲ್ಪ ಮುಂಚೆ ಹಾಕಿ. ಲೇಸರ್ ಅಭ್ಯಾಸಕ್ಕೆ ಇನ್ನೂ ಗಟ್ಟಿ ಕಲ್ಲು ಬೇಕಾದರೆ ಬೇಗೋಸ್ಟೋನ್ ಅನ್ನುವ ಡೆಂಟಲ್ ಪ್ಲಾಸ್ಟರ್ ಬಳಸುತ್ತಾರೆ. ಅದರಲ್ಲಿ ಪುಡಿ ಮತ್ತು ನೀರಿನ ಪ್ರಮಾಣ ಬದಲಿಸಿ ಗಟ್ಟಿತನ ಹೆಚ್ಚು ಕಡಿಮೆ ಮಾಡಬಹುದು.

ವೈರ್, ಸ್ಟೆಂಟ್ (ಯುರೇಟರ್ ತೆರೆದಿರಲೆಂದು ಒಳಗಿಡುವ ಟ್ಯೂಬ್), ಬಾಸ್ಕೆಟ್ ಎಲ್ಲಿಂದ ತರುವುದು? ರೋಗಿಗೆ ಬಳಸಿದ್ದನ್ನು ತೊಳೆದು ತರುವ ರೂಢಿ ಅಲ್ಲಲ್ಲಿ ಇದೆ. ನನಗೆ ಅದು ಒಪ್ಪಿಗೆ ಇಲ್ಲ. ರಕ್ತ, ಮೂತ್ರ ತಾಗಿದ ಸಾಮಾನಿಗೆ 2016ರ ಬಯೋಮೆಡಿಕಲ್ ವೇಸ್ಟ್ ನಿಯಮ ಇದೆ, ಅದು ಅಲ್ಲಿಗೇ ಹೋಗಲಿ. ಬದಲಿಗೆ ಅವಧಿ ಮುಗಿದ, ಪ್ಯಾಕ್ ಒಡೆಯದ ಸಾಮಾನನ್ನು ಓಟಿ ಸ್ಟೋರಿನಿಂದ ಲೆಕ್ಕ ಬರೆದು ಪಡೆಯಿರಿ. ಬಂದ ಕೂಡಲೇ ಕೆಂಪು ಟೇಪ್ ಸುತ್ತಿ "ತರಬೇತಿಗೆ ಮಾತ್ರ" ಅಂತ ಬರೆಯಿರಿ. ಲ್ಯಾಬಿಗೆ ಬಂದ ಒಂದು ವೈರ್ ಕೂಡ ವಾಪಸ್ ಓಟಿಗೆ ಹೋಗಬಾರದು. ಸ್ಕೋಪುಗಳಿಗೂ ಇದೇ ನಿಯಮ.

ಹಂತ 1: ಕ್ಯಾಮೆರಾ ಮತ್ತು ಲೆನ್ಸ್

ಮೊದಲ ದಿನ ಯುರೇಟರಿನ ಹತ್ತಿರ ಹೋಗಬೇಡಿ. ಬ್ಲಾಡರ್ ನೋಡುವ ಸ್ಕೋಪಿನ ಶೀತ್ (ಹೊರ ಕೊಳವೆ), ಬ್ರಿಜ್ (ಲೆನ್ಸನ್ನು ಶೀತ್‌ಗೆ ಸೇರಿಸುವ ಕೊಂಡಿ), ಲೆನ್ಸ್, ಲೈಟ್ ಕೇಬಲ್, ಕ್ಯಾಮೆರಾ ಬಿಚ್ಚಿಡಿ, ಜೋಡಿಸಲು ಹೇಳಿ. ವೈಟ್ ಬ್ಯಾಲೆನ್ಸ್, ಫೋಕಸ್, ನೀರಿನ ಪೈಪಿನ ಗುಳ್ಳೆ ತೆಗೆಯುವುದು, ಎಲ್ಲ ಅವರೇ ಮಾಡಲಿ. ಇದನ್ನು ಸಿಸ್ಟರ್ ಅಥವಾ ಟೆಕ್ನಿಷಿಯನ್ ಮಾಡಿಕೊಡುತ್ತಾರೆ ಅನ್ನುವ ಅಭ್ಯಾಸ ಬೆಳೆದರೆ ರಾತ್ರಿ ಎಮರ್ಜೆನ್ಸಿಯಲ್ಲಿ ಪರದಾಟ ತಪ್ಪಿದ್ದಲ್ಲ.

ಆಮೇಲೆ 30 ಡಿಗ್ರಿ ಲೆನ್ಸ್. ಹೊಸಬರು ಜಾಸ್ತಿ ಎಡವುವುದು ಇಲ್ಲೇ. ಈ ಲೆನ್ಸ್ ನೇರ ನೋಡುವುದಿಲ್ಲ. ಲೈಟ್ ಕೇಬಲ್ ಯಾವ ಕಡೆಗಿದೆಯೋ ಅದರ ಎದುರು ಕಡೆ ನೋಡುತ್ತದೆ. ಕೇಬಲ್ ಕೆಳಗಿದ್ದರೆ ನೋಟ ಮೇಲೆ. ಕೇಬಲ್ ಎಡಕ್ಕೆ ಹೋದರೆ ನೋಟ ಬಲಕ್ಕೆ. ಕ್ಯಾಮೆರಾ ಮಾತ್ರ ತಿರುಗಬಾರದು, ಅದರ ಗುಂಡಿಗಳು ಸದಾ ಮೇಲಕ್ಕೇ ಇರಬೇಕು. ಒಂದು ಕೈ ಕ್ಯಾಮೆರಾ ಹಿಡಿದಿರುತ್ತದೆ, ಇನ್ನೊಂದು ಕೈ ಕೇಬಲ್ ತಿರುಗಿಸುತ್ತದೆ. ಈ ಎರಡು ಕೈ ಬೇರೆ ಬೇರೆ ಕೆಲಸ ಮಾಡುವುದು ಸಲೀಸಾಗುವ ತನಕ ಮುಂದಿನ ಹಂತ ಬೇಡ.

ಅಭ್ಯಾಸಕ್ಕೆ ಬ್ಲಾಡರ್ ಗೋಡೆಯ ಒಳಗೆ ಅಲ್ಲಲ್ಲಿ ಚಿಕ್ಕ ಅಂಕಿಗಳನ್ನು ಅಂಟಿಸಿ. ಒಂದು ಕ್ರಮ ಹಿಡಿದು, ಗೋಡೆಗೆ ತಾಗಿಸದೆ, ಎಲ್ಲ ಅಂಕಿ ಓದಿ ಹೇಳಬೇಕು. ಕ್ರಮ ಯಾವುದಾದರೂ ಇರಲಿ, ಪ್ರತಿ ಸಲ ಅದೇ ಇರಲಿ. ಗಾಳಿಗುಳ್ಳೆ ಎಲ್ಲಿದೆಯೋ ಅದು ಬ್ಲಾಡರಿನ ಮೇಲ್ಭಾಗ, ದಿಕ್ಕು ತಪ್ಪಿದಾಗ ಅದನ್ನು ನೋಡಿಕೊಂಡು ವಾಪಸ್ ಬರುವುದನ್ನು ಕಲಿಸಿ. ಚೆಂಡಿನ ಬದಲು ಒಂದು ದಪ್ಪ ಮೆಣಸಿನಕಾಯಿಗೆ ಸ್ಕೋಪ್ ತೂರಿಸಿದರೂ ಒಳ್ಳೆಯ ಅಭ್ಯಾಸ. ಒಳಗೆ ಟೊಳ್ಳು, ಗೋಡೆ ಇದೆ, ಬೀಜದ ಗೊಂಚಲು ಗೆಡ್ಡೆಯ ಹಾಗೆ ನಿಂತಿರುತ್ತದೆ. ಬಯಾಪ್ಸಿ ಫೋರ್ಸೆಪ್ಸ್‌ನಿಂದ ಒಂದೊಂದೇ ಬೀಜ ಕೀಳಿಸಬಹುದು.

ಹಂತ 2: ಗೈಡ್‌ವೈರ್

0.035 ಇಂಚಿನ, 150 ಸೆಂ.ಮೀ. ಉದ್ದದ ವೈರ್ ಕೊಡಿ. ಮೆತ್ತನೆ ತುದಿ ಯಾವುದು ಅಂತ ಮೊದಲು ಕೈಯಲ್ಲೇ ಗುರುತಿಸಲಿ. ಹೈಡ್ರೋಫಿಲಿಕ್ (ನೆನೆದರೆ ಜಾರುವ ಲೇಪ ಇರುವ) ವೈರ್ ಆದರೆ ನೆನೆಸದೆ ಬಳಸಬಾರದು, ನೆನೆದ ಮೇಲೆ ಕೈಯಿಂದ ಜಾರಿ ಹೊರಗೆ ಬಂದುಬಿಡುತ್ತದೆ ಅನ್ನುವುದೂ ಅನುಭವಕ್ಕೆ ಬರಲಿ.

ಸ್ಕೋಪನ್ನು ಯುರೇಟರ್ ಬಾಯಿಗೆ ಹತ್ತಿರ ತಂದು, ಅದರ ಓರೆಗೆ ಸರಿಯಾಗಿ ಕೋನ ಹಿಡಿದು, ವೈರ್ ಬಿಡಬೇಕು. ದೂರದಿಂದ ವೈರ್ ಚುಚ್ಚಿ ಚುಚ್ಚಿ ಹುಡುಕುವುದು ಕೆಟ್ಟ ಚಾಳಿ. ಈ ಚಾಳಿ ಮೊದಲ ವಾರದಲ್ಲೇ ಬಿಡಿಸಬೇಕು. ತಡೆ ಸಿಕ್ಕಾಗ ತಳ್ಳಬಾರದು. ಇದನ್ನು ಕಲಿಸಲು ಒಂದು ಟ್ಯೂಬಿನ ನಡುವೆ ಕ್ಲಿಪ್ ಹಾಕಿಡಿ, ಯಾವ ಟ್ಯೂಬ್ ಅಂತ ಹೇಳಬೇಡಿ. ವೈರ್ ನಿಂತಲ್ಲಿ ಕಲಿಯುವವರು ಏನು ಮಾಡುತ್ತಾರೆ ನೋಡಿ. ತುಸು ಹಿಂದೆಳೆದು, ತಿರುಗಿಸಿ, ಆಗದಿದ್ದರೆ ಬಾಯಿಬಿಟ್ಟು ಹೇಳಬೇಕು. ಸುಮ್ನೆ ಬಲ ಹಾಕಿದರೆ ಆ ಸುತ್ತು ಅಲ್ಲಿಗೇ ಫೇಲ್.

ಹಂತ 3: ಸೆಮಿ-ರಿಜಿಡ್ ಸ್ಕೋಪ್ ಒಳಗೆ

ದಾರಿ ಕೈತಪ್ಪದಂತೆ ಯುರೇಟರಿನಲ್ಲೇ ಬಿಟ್ಟಿರುವ ಒಂದು ಸೇಫ್ಟಿ ವೈರ್ ಪಕ್ಕದಲ್ಲಿರಲಿ. ಸ್ಕೋಪ್ ಬಾಯಿಯಲ್ಲೇ ತಡೆಯುತ್ತದೆ, ಯಾಕೆಂದರೆ ತುದಿಯ ಅಂಚು ಮೇಲ್ತುಟಿಗೆ ತಾಗುತ್ತದೆ. ಆಗ ಸ್ಕೋಪನ್ನು 90ರಿಂದ 180 ಡಿಗ್ರಿ ತಿರುಗಿಸಿ ವೈರಿನ ಅಡಿಗೆ ಜಾರಿಸಿದರೆ ವೈರೇ ತುಟಿಯನ್ನು ಎತ್ತಿಕೊಡುತ್ತದೆ. ಈ ಒಂದು ತಿರುವಿಗೆ ಡಬ್ಬದ ಮೇಲೆ ಎಷ್ಟು ಹೊತ್ತು ಕೊಟ್ಟರೂ ನಷ್ಟವಿಲ್ಲ.

ಒಳಗೆ ಹೋದ ಮೇಲೆ ನಿಯಮ ಒಂದೇ: ಲೂಮೆನ್ (ನಾಳದೊಳಗಿನ ಟೊಳ್ಳು ದಾರಿ) ಪರದೆಯ ನಡುವಿನಲ್ಲಿ ಕಂಡರೆ ಮಾತ್ರ ಮುಂದೆ. ಪರದೆ ಬರೀ ಬಿಳಿ ಅಥವಾ ಗುಲಾಬಿ ಆಯಿತು ಅಂದರೆ ಸ್ಕೋಪ್ ಗೋಡೆಗೆ ಒತ್ತಿದೆ, ಹಿಂದೆ ಬನ್ನಿ. ಕಲಿಯುವವರು ಮಾಡುತ್ತಿರುವುದನ್ನು ಜೋರಾಗಿ ಹೇಳುತ್ತಾ ಹೋಗಲಿ: "ಲೂಮೆನ್ ಕಾಣ್ತಿದೆ, ಮುಂದೆ ಹೋಗ್ತಿದೀನಿ. ಕಾಣ್ತಿಲ್ಲ, ನಿಂತೆ." ಮಾತು ನಿಂತಾಗ ಕೈಯೂ ನಿಲ್ಲಬೇಕು.

ಇದೇ ಹಂತದಲ್ಲಿ ನೀರಿನ ಒತ್ತಡದ ಪಾಠ ಮಾಡಿ. ಇದನ್ನು ಬಹಳ ಕಡೆ ಬಿಟ್ಟುಬಿಡುತ್ತಾರೆ, ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ. ಗ್ಲೌಸಿನ ಒಂದು ಬೆರಳಿಗೆ ತೆಳ್ಳನೆಯ ಪಾರದರ್ಶಕ ಪೈಪ್ ಕಟ್ಟಿ, ಗೋಡೆಗೆ ನೇರವಾಗಿ ನಿಲ್ಲಿಸಿ, ಪಕ್ಕದಲ್ಲಿ ಅಳತೆ ಟೇಪ್ ಅಂಟಿಸಿ. ಗ್ಲೌಸಿನ ಮಟ್ಟ ಸೊನ್ನೆ. ಪೈಪಿನಲ್ಲಿ ನೀರು ಎಷ್ಟು ಸೆಂ.ಮೀ. ಏರಿತೋ ಅಷ್ಟೇ ಕಿಡ್ನಿಯೊಳಗಿನ ಒತ್ತಡ. 40 ಸೆಂ.ಮೀ. ಹತ್ತಿರ ಕೆಂಪು ಗೆರೆ ಎಳೆಯಿರಿ, ಅಂದರೆ ಸುಮಾರು 30 ಮಿ.ಮೀ. ಪಾದರಸದ ಒತ್ತಡ. ಇದಕ್ಕಿಂತ ಹೆಚ್ಚಾದರೆ ಕಿಡ್ನಿಯ ನೀರು ರಕ್ತನಾಳಕ್ಕೆ ಹಿಮ್ಮುಖವಾಗಿ ನುಗ್ಗುವ ಅಪಾಯ ಇದೆ. ಆ ನೀರಿನಲ್ಲಿ ಸೋಂಕಿದ್ದರೆ ರೋಗಿಗೆ ಸೆಪ್ಸಿಸ್, ಅಂದರೆ ಸೋಂಕಿನಿಂದ ಪ್ರಾಣಕ್ಕೇ ಅಪಾಯ. ಈಗ ಸಲೈನ್ ಬ್ಯಾಗಿನ ಎತ್ತರ ಬದಲಿಸಿ ತೋರಿಸಿ. ಆಮೇಲೆ ಸಿರಿಂಜಿನಿಂದ ಒಮ್ಮೆ ಒತ್ತಿಸಿ. ನೀರು ಕೆಂಪು ಗೆರೆ ದಾಟಿ ಚಿಮ್ಮುವುದನ್ನು ಕಣ್ಣಾರೆ ಕಂಡವರು ಓಟಿಯಲ್ಲಿ "ಜೋರಾಗಿ ಒತ್ತಿ" ಅಂತ ಸಹಾಯಕರಿಗೆ ಹೇಳುವ ಮುಂಚೆ ಯೋಚಿಸುತ್ತಾರೆ.

ಹಂತ 4: ಕಲ್ಲು ಹಿಡಿಯುವುದು, ಒಡೆಯುವುದು

ಬಾಸ್ಕೆಟ್‌ಗೆ ಸಹಾಯಕರು ಬೇಕು. ಆದ್ದರಿಂದ ಇಬ್ಬಿಬ್ಬರಾಗಿ ಕಲಿಸಿ, ಜಾಗ ಬದಲಿಸುತ್ತಾ ಇರಿ. "ತೆಗೀರಿ", "ಮುಚ್ಚಿ", "ನಿಲ್ಲಿ" ಅನ್ನುವ ಮಾತುಗಳು ಇಬ್ಬರಿಗೂ ಒಂದೇ ಅರ್ಥ ಕೊಡಬೇಕು. ಬಾಸ್ಕೆಟ್ಟನ್ನು ಕಲ್ಲಿನ ಆಚೆ ತೆರೆದು, ನಿಧಾನ ಹಿಂದೆ ತಂದು, ಕಲ್ಲು ಕೂತ ಮೇಲೆ ಹಗುರವಾಗಿ ಮುಚ್ಚಬೇಕು. 4 ಮಿ.ಮೀ. ಕಲ್ಲಿನ ಜೊತೆ 8 ಮಿ.ಮೀ. ಕಲ್ಲನ್ನೂ ಬೇಕಂತಲೇ ಹಾಕಿಡಿ. 5 ಮಿ.ಮೀ. ಟ್ಯೂಬಿನಲ್ಲಿ ಅದು ಬರುವುದಿಲ್ಲ, ಅದನ್ನು ಗ್ಲೌಸಿನ ಅಂಗೈಯಲ್ಲಿಡಿ. ಹಿಡಿದ ಮೇಲೆ "ಇದು ಬರಲ್ಲ" ಅಂತ ಗುರುತಿಸಿ, ಬಾಸ್ಕೆಟ್ ತೆರೆದು, ಕಲ್ಲನ್ನು ಬಿಟ್ಟುಬರುವುದೇ ಅಲ್ಲಿನ ಪಾಠ. ಕಲ್ಲು ತಂದವರಿಗಲ್ಲ, ಸರಿಯಾಗಿ ಬಿಟ್ಟುಬಂದವರಿಗೆ ಅಂಕ.

ಲೇಸರ್ ಇದ್ದರೆ ಮೊದಲು ಲೇಸರ್ ಬಿಡದೆ, ಬರೀ ಫೈಬರ್ ಮತ್ತು ಗುರಿ ತೋರುವ ಏಮಿಂಗ್ ಬೆಳಕಿನಿಂದ ಕಲಿಸಿ. ಫೈಬರ್ ತುದಿ ಸ್ಕೋಪಿನಿಂದ ಕೆಲವು ಮಿ.ಮೀ. ಹೊರಗೆ ಬಂದಿರುವುದು ಕಾಣದೆ ಪೆಡಲ್ ಒತ್ತಬಾರದು. ಒತ್ತಿದರೆ ಲಕ್ಷಾಂತರ ರೂಪಾಯಿಯ ಸ್ಕೋಪ್ ಒಳಗಿನಿಂದಲೇ ಸುಡುತ್ತದೆ. ನಿಜವಾಗಿ ಒಡೆಯುವ ಹಂತಕ್ಕೆ ಬಂದಾಗ ಹೋಲ್ಮಿಯಂ ಲೇಸರಿನ ಎರಡು ಬಗೆಯನ್ನೂ ಒಂದೇ ಕಲ್ಲಿನ ಮೇಲೆ ತೋರಿಸಿ. 1 ಜೌಲ್, 8 ಹರ್ಟ್ಸ್ ಇಟ್ಟರೆ ತುಂಡಾಗುತ್ತದೆ, ಕಲ್ಲು ಹಿಂದಕ್ಕೆ ನೆಗೆಯುತ್ತದೆ. 0.3 ಜೌಲ್, 20 ಹರ್ಟ್ಸ್ ಇಟ್ಟರೆ ಪುಡಿಯಾಗುತ್ತಾ ಹೋಗುತ್ತದೆ. ಆ ಲೇಸರಿನ ತರಂಗಕ್ಕೆ ಹೊಂದುವ ಕನ್ನಡಕ ಎಲ್ಲರಿಗೂ ಇರಲಿ. ಬಾಗಿಲಿಗೆ ಬೋರ್ಡ್ ಹಾಕಿ.

ಹಂತ 5: ಡಿಜೆ ಸ್ಟೆಂಟ್

ಡಿಜೆ ಅಂದರೆ ಎರಡು ತುದಿಯಲ್ಲೂ ಸುರುಳಿ ಇರುವ ಸ್ಟೆಂಟ್. ರೆಸಿಡೆಂಟ್ ಒಬ್ಬರೇ ಮೊದಲು ಮಾಡಬೇಕಾಗಿ ಬರುವ ಕೆಲಸ ಬಹುಶಃ ಇದೇ. ಹಾಗಾಗಿ ಅವಸರ ಬೇಡ. 6 ಫ್ರೆಂಚ್, 26 ಸೆಂ.ಮೀ. ಸ್ಟೆಂಟನ್ನು ವೈರಿನ ಮೇಲೆ ಪುಷರ್‌ನಿಂದ ತಳ್ಳುತ್ತಾ, ಕೆಳತುದಿಯ ಗುರುತು ಯುರೇಟರ್ ಬಾಯಿಯ ಹೊರಗೆ ಸಾಕಷ್ಟು ಉಳಿದಿರುವಾಗಲೇ ನಿಲ್ಲಬೇಕು. ಪುಷರ್ ಹಿಡಿದುಕೊಂಡೇ ವೈರ್ ಎಳೆಯಬೇಕು. ಮೊದಲು ಮೇಲಿನ ಸುರುಳಿ, ಆಮೇಲೆ ಕೆಳಗಿನದು. ಪೂರ್ತಿ ಒಳಗೆ ಹೋದ ಸ್ಟೆಂಟನ್ನು ಹೇಗೆ ಹಿಡಿದು ತರುವುದು ಅಂತಲೂ ಇಲ್ಲೇ ಕಲಿಸಿ.

ಹಂತ 6: ಫ್ಲೆಕ್ಸಿಬಲ್ ಸ್ಕೋಪ್

ಇಲ್ಲಿ ಚಲನೆ ಮೂರೇ: ಒಳಗೆ ಹೊರಗೆ, ಹೆಬ್ಬೆರಳಿನಿಂದ ತುದಿ ಬಾಗಿಸುವುದು, ಮಣಿಕಟ್ಟಿನಿಂದ ತಿರುಗಿಸುವುದು. ಹೊಸಬರು ಹೆಬ್ಬೆರಳು ಒಂದನ್ನೇ ನಂಬುತ್ತಾರೆ. ತಿರುಗಿಸುವುದು ಮರೆಯುತ್ತಾರೆ. ಪ್ರತಿ ಬೆರಳಿನೊಳಗೆ ಬೇರೆ ಬಣ್ಣದ ಮಣಿ ಹಾಕಿ, ಮೇಲಿನ ಕ್ಯಾಲಿಕ್ಸ್‌ನಿಂದ ಕೆಳಗಿನ ತನಕ ಕ್ರಮವಾಗಿ ಬಣ್ಣ ಹೇಳಿಸಿ. ಕೆಳಕ್ಕೆ ಮಡಿಚಿದ ಬೆರಳಿನಿಂದ ಕಲ್ಲನ್ನು ಬಾಸ್ಕೆಟ್‌ನಲ್ಲಿ ಎತ್ತಿ ಮೇಲಿನ ಬೆರಳಿಗೆ ಸಾಗಿಸುವುದು ಬಹಳ ಒಳ್ಳೆಯ ಅಭ್ಯಾಸ. ಲೇಸರ್ ಫೈಬರನ್ನು ಸ್ಕೋಪ್ ನೇರ ಇದ್ದಾಗ ಮಾತ್ರ ತೂರಿಸಬೇಕು, ಬಾಗಿದಾಗ ತೂರಿಸಿದರೆ ಒಳಗಿನ ಚಾನೆಲ್ ಹರಿಯುತ್ತದೆ.

ಡಬ್ಬದ ಕಿಡ್ನಿ ಅಲ್ಲಾಡುವುದಿಲ್ಲ, ರೋಗಿಯ ಕಿಡ್ನಿ ಉಸಿರಿಗೆ ತಕ್ಕಂತೆ ಮೇಲೆ ಕೆಳಗೆ ಹೋಗುತ್ತದೆ. ಈ ಹಂತ ಪಳಗಿದ ಮೇಲೆ ಕಲಿಸುವವರು ಸ್ಪಾಂಜನ್ನು ನಿಮಿಷಕ್ಕೆ ಹನ್ನೆರಡು ಸಲದಂತೆ ನಿಧಾನ ಅಲ್ಲಾಡಿಸಿ. ಸುಲಭ ಅನ್ನಿಸುತ್ತಿದ್ದ ಕೆಲಸ ಮತ್ತೆ ಕಷ್ಟವಾಗುತ್ತದೆ.

ಹಂತ 7: ಕೆಟ್ಟುಹೋದಾಗ

ನನ್ನ ಮಟ್ಟಿಗೆ ಬೆಂಚ್ ತರಬೇತಿಯ ಅತಿ ಬೆಲೆಯುಳ್ಳ ಭಾಗ ಇದು. ಓಟಿಯಲ್ಲಿ ತೊಂದರೆ ಬಂದಾಗ ಸೀನಿಯರ್ ಸ್ಕೋಪ್ ಇಸಿದುಕೊಳ್ಳುತ್ತಾರೆ, ಅದು ಸರಿಯೂ ಹೌದು. ಆದರೆ ಹಾಗಾದರೆ ರೆಸಿಡೆಂಟ್ ಆ ಘಳಿಗೆಯನ್ನು ನಿಭಾಯಿಸಲು ಎಲ್ಲಿ ಕಲಿಯಬೇಕು?

ಹೇಳದೆ ತೊಂದರೆ ಸೃಷ್ಟಿಸಿ. ನೀರಿಗೆ ಕೆಂಪು ಬಣ್ಣ ಬಿಡಿ, ನೋಟ ಮಸುಕಾಗಲಿ. ಸೇಫ್ಟಿ ವೈರ್ ಎಳೆದುಬಿಡಿ. ಕಲ್ಲು ಹಿಡಿದ ಬಾಸ್ಕೆಟ್ ಸಿಕ್ಕಿಕೊಳ್ಳುವಂತೆ ಟ್ಯೂಬ್ ಅಮುಕಿ. ಆಗ ಬಾಸ್ಕೆಟ್ಟಿನ ಹಿಡಿಕೆ ಬಿಚ್ಚಿ, ಸ್ಕೋಪನ್ನು ಬಾಸ್ಕೆಟ್ ತಂತಿಯಿಂದ ಹೊರಗೆ ತಂದು, ಮತ್ತೆ ಪಕ್ಕದಿಂದ ಹೋಗಿ ಕಲ್ಲನ್ನು ಲೇಸರಿನಿಂದ ಒಡೆಯುವುದನ್ನು ಹಂತಹಂತವಾಗಿ ಮಾಡಿಸಿ. ಮತ್ತೊಂದು ದಿನ ಟ್ಯೂಬಿಗೆ ದಾರ ಬಿಗಿದು ಸ್ಕೋಪ್ ಹೋಗದಷ್ಟು ಕಿರಿದು ಮಾಡಿ. ಸರಿ ಉತ್ತರ: ಬಲವಂತ ಬೇಡ, ಸ್ಟೆಂಟ್ ಹಾಕಿ ಹೊರಬಂದು ಕೆಲವು ವಾರ ಬಿಟ್ಟು ಮತ್ತೆ ಬರುವುದು. ಹೀಗೆ ನಿಲ್ಲಿಸಿದ್ದು ಸೋಲಲ್ಲ ಅಂತ ಆ ಮೇಜಿನ ಬಳಿಯೇ ಬಾಯಿಬಿಟ್ಟು ಹೇಳಿ.

ಅಂಕ, ವೇಳಾಪಟ್ಟಿ

ಟೊರಾಂಟೊದಲ್ಲೇ 1997ರ ಸುಮಾರಿಗೆ ಬೆಳೆದ ಓಸ್ಯಾಟ್ಸ್ (ಸರ್ಜನ್‌ಗಳ ಕೈಕೆಲಸ ಅಳೆಯುವ) ಪದ್ಧತಿ ಇಲ್ಲಿಗೆ ಚೆನ್ನಾಗಿ ಹೊಂದುತ್ತದೆ. ಒಂದು ಚೆಕ್‌ಲಿಸ್ಟ್, ಜೊತೆಗೆ ಏಳು ವಿಷಯಕ್ಕೆ 1ರಿಂದ 5ರ ತನಕ ಅಂಕ: ಅಂಗಾಂಶದ ಬಗ್ಗೆ ಎಚ್ಚರ, ಸಮಯ ಮತ್ತು ಚಲನೆ, ಉಪಕರಣ ಹಿಡಿಯುವ ರೀತಿ, ಉಪಕರಣಗಳ ಪರಿಚಯ, ಸಹಾಯಕರ ಬಳಕೆ, ಕೆಲಸದ ಓಟ, ಆಪರೇಷನ್ನಿನ ತಿಳಿವು. ಸ್ಟಾಪ್‌ವಾಚ್ ಬಳಸಿ, ಆದರೆ ಅದನ್ನೇ ಮುಂದಿಡಬೇಡಿ. ಸಮಯ ಒಂದನ್ನೇ ಅಳೆದರೆ ಒರಟು ಕೈಗಳೇ ಗೆಲ್ಲುತ್ತವೆ. ಸಾಧ್ಯವಾದರೆ ಮಾನಿಟರಿನ ವಿಡಿಯೋ ಉಳಿಸಿ, ಯಾರದ್ದು ಅಂತ ಗೊತ್ತಿಲ್ಲದ ಇನ್ನೊಬ್ಬ ಸರ್ಜನ್ ಅಂಕ ಕೊಡಲಿ.

ಪಾಸಾಗುವ ಗೆರೆ ಎಲ್ಲಿ ಎಳೆಯುವುದು? ನಿಮ್ಮದೇ ವಿಭಾಗದ ಅನುಭವಿಗಳಿಂದ ಅದೇ ಡಬ್ಬದ ಮೇಲೆ ಮಾಡಿಸಿ. ಅವರ ಮಟ್ಟದ ಹತ್ತಿರ ಒಂದು ಗೆರೆ ಇಟ್ಟು, ಅದನ್ನು ಸತತ ಎರಡು ಸಲ, ಬೇರೆ ಬೇರೆ ದಿನ ಮುಟ್ಟಬೇಕು ಅನ್ನಿ. "ಹತ್ತು ಗಂಟೆ ಲ್ಯಾಬ್ ಮುಗಿಸಿದ್ದಾರೆ" ಅನ್ನುವ ಸರ್ಟಿಫಿಕೇಟಿಗಿಂತ ಇದು ಎಷ್ಟೋ ಪ್ರಾಮಾಣಿಕ.

ಎಲ್ಲವನ್ನೂ ಒಂದೇ ದಿನದ ವರ್ಕ್‌ಶಾಪಿನಲ್ಲಿ ತುರುಕಬೇಡಿ. ಮೈಕ್ರೋಸರ್ಜರಿ ಕಲಿಯುತ್ತಿದ್ದ 38 ರೆಸಿಡೆಂಟ್‌ಗಳ ಮೇಲೆ 2006ರಲ್ಲಿ ಪ್ರಕಟವಾದ ಟೊರಾಂಟೊ ಅಧ್ಯಯನದಲ್ಲಿ, ನಾಲ್ಕು ಪಾಠವನ್ನು ವಾರಕ್ಕೊಂದರಂತೆ ಕಲಿತವರು ಒಂದೇ ದಿನ ನಾಲ್ಕನ್ನೂ ಕಲಿತವರಿಗಿಂತ ತಿಂಗಳ ನಂತರ ಚೆನ್ನಾಗಿ ಮಾಡಿದರು. ವಾರಕ್ಕೆ ಒಂದೂವರೆ ಗಂಟೆ, ಓಪಿಡಿ ಇಲ್ಲದ ಮಧ್ಯಾಹ್ನ, ಇಬ್ಬರು ರೆಸಿಡೆಂಟ್, ಒಬ್ಬರು ಸೀನಿಯರ್. ಇಷ್ಟು ಸಾಕು. ಆದರೆ ಸೀನಿಯರ್ ಅಲ್ಲೇ ಇರಬೇಕು. ಬೀಗದ ಕೈ ಕೊಟ್ಟು "ಹೋಗಿ ಪ್ರಾಕ್ಟೀಸ್ ಮಾಡಿ" ಅಂದರೆ ತಪ್ಪುಗಳೇ ಗಟ್ಟಿಯಾಗುತ್ತವೆ.

ಪಿಸಿಎನ್ಎಲ್, ಟಿಯುಆರ್‌ಪಿ

ಪಿಸಿಎನ್ಎಲ್‌ನಲ್ಲಿ ಕಷ್ಟದ ಭಾಗ 18 ಗೇಜ್ ಸೂಜಿಯಿಂದ ಸರಿಯಾದ ಕ್ಯಾಲಿಕ್ಸಿಗೆ ಚುಚ್ಚುವುದು. ಹಂದಿ ಅಥವಾ ಕುರಿಯ ಕಿಡ್ನಿಗೆ ಡೈ ತುಂಬಿ, ಕೋಳಿಯ ಮೈಯೊಳಗೋ ದಪ್ಪ ಸ್ಪಾಂಜಿನೊಳಗೋ ಇಟ್ಟು ಸಿ-ಆರ್ಮ್ (ಎಕ್ಸ್-ರೇ ಯಂತ್ರ) ಕೆಳಗೆ ಕಲಿಸುತ್ತಾರೆ. ಎಕ್ಸ್-ರೇ ನಿಜವಾದದ್ದೇ ಆದ್ದರಿಂದ ಲೆಡ್ ಏಪ್ರನ್, ಥೈರಾಯ್ಡ್ ಕವಚ, ಟಿಎಲ್‌ಡಿ ಬ್ಯಾಡ್ಜ್ (ಮೈಗೆ ತಾಗಿದ ವಿಕಿರಣ ಅಳೆಯುವುದು) ಇಲ್ಲದೆ ಬೇಡ. ಎಕ್ಸ್-ರೇ ಇಲ್ಲದೆ ಕಲಿಸುವ ಪರ್ಕ್ ಮೆಂಟರ್‌ನಂಥ ವರ್ಚುವಲ್ ಸಿಮ್ಯುಲೇಟರ್ ದುಬಾರಿ. ಗುಜರಾತಿನ ನಡಿಯಾಡ್‌ನ ಮುಳ್ಜಿಭಾಯಿ ಪಟೇಲ್ ಆಸ್ಪತ್ರೆಯಂಥ ಕಡೆ ಇಂಥ ತರಬೇತಿಗೆ ಹೋಗುವ ಮುಂಚೆ ಡಬ್ಬದ ಹಂತಗಳನ್ನು ಮುಗಿಸಿಕೊಂಡರೆ ಅಲ್ಲಿನ ಸಮಯ ವ್ಯರ್ಥವಾಗುವುದಿಲ್ಲ.

ಟಿಯುಆರ್‌ಪಿಗೆ ಕೋಳಿ ಮಾಂಸದ ಮೇಲೆ ಲೂಪ್ (ಕರೆಂಟಿನಿಂದ ಕತ್ತರಿಸುವ ತಂತಿ ಕುಣಿಕೆ) ಓಡಿಸುವುದರಿಂದ ಕತ್ತರಿಸುವ ಕೈ ಬರುತ್ತದೆ. ಕರೆಂಟ್ ಮೊನೋಪೋಲಾರ್ ಆದರೆ ಒಳಗೆ ಹರಿಸುವ ದ್ರವ ಗ್ಲೈಸಿನ್, ಬೈಪೋಲಾರ್ ಆದರೆ ಸಲೈನ್. ರಕ್ತ ನಿಲ್ಲಿಸುವುದು ಮಾತ್ರ ಇದರಲ್ಲಿ ಬರುವುದಿಲ್ಲ, ಅದಕ್ಕೆ ಓಟಿಯೇ ಬೇಕು.

ಡಬ್ಬದಿಂದ ಓಟಿಗೆ

ಪಾಸಾದ ಹಂತವನ್ನು ಲಾಗ್‌ಬುಕ್‌ನಲ್ಲಿ ಸಹಿ ಮಾಡಿಸಿ, ಅದರ ಒಂದು ಪ್ರತಿ ಓಟಿಯಲ್ಲಿರಲಿ. ಗೈಡ್‌ವೈರ್ ಹಂತ ಮುಗಿಸಿದವರಿಗೆ ವೈರ್ ಮಾತ್ರ, ಸ್ಟೆಂಟ್ ಮುಗಿಸಿದವರಿಗೆ ಅದೂ. ರೆಸಿಡೆಂಟ್ ಪೂರ್ತಿ ಕೇಸ್ ಕೇಳುವುದಕ್ಕಿಂತ "ಸರ್, ನನ್ನ ವೈರ್ ಮತ್ತು ಸ್ಟೆಂಟ್ ಸಹಿ ಆಗಿದೆ, ಅಷ್ಟು ಮಾಡಲಾ?" ಅಂತ ಕೇಳುವುದು ಸುಲಭ. ಸೀನಿಯರ್‌ಗೆ ಹೂಂ ಅನ್ನುವುದೂ ಸುಲಭ. ಬೇರೆ ಪೋಸ್ಟಿಂಗ್ ಅಥವಾ ರಜೆಯಿಂದ ಕೆಲವು ತಿಂಗಳ ನಂತರ ವಾಪಸ್ ಬಂದವರು ಒಂದು ಮಧ್ಯಾಹ್ನ ಡಬ್ಬದ ಮೇಲೆ ಮತ್ತೆ ಮಾಡಿ ತೋರಿಸಿ, ಹೊಸ ತಾರೀಖಿನ ಸಹಿ ಪಡೆದ ಮೇಲೆಯೇ ಸ್ಕೋಪ್ ಹಿಡಿಯಲಿ.